ಹಗ್ಗದ ದಿಬ್ಬದ ಗರಿಕೆ

ಆಗಸ್ಟ್ ತಿಂಗಳಲ್ಲಿ ಸೋತ ತಂಡ ಈ ಭೂಮಿಯ ಮೇಲೆ ಇಲ್ಲ. ನವೆಂಬರಿನಲ್ಲಿ ಬೇಕಾದಷ್ಟಿರುತ್ತವೆ, ಅವುಗಳಲ್ಲಿ ನಮ್ಮದೂ ಒಂದು. ಆದರೆ ಆಗಸ್ಟಿನಲ್ಲಿ, ಮೊದಲ ಆಟಕ್ಕೆ ಇನ್ನೂ ಮೂರು ವಾರ ಇರುವಾಗ, ನಮ್ಮೂರು ಟ್ಯಾಲೊ ಫೆರಿಯ ಯಾವ ಮೂಲೆಯಲ್ಲಿ ನಿಂತು ಕೇಳಿದರೂ ನಮ್ಮ ಕಾಲೇಜಿನ ತಂಡ ಅಂಬಿಗರು ಈ ವರ್ಷ ಹನ್ನೆರಡಕ್ಕೆ ಹನ್ನೆರಡನ್ನೂ ಗೆಲ್ಲುವವರೇ. ಟೈರ್ ಅಂಗಡಿಯವನು ಹಾಗೆನ್ನುತ್ತಾನೆ. ಹಲ್ಲಿನ ಡಾಕ್ಟರು ನಮ್ಮ ಬಾಯೊಳಗೆ ಕೈ ಇಟ್ಟುಕೊಂಡು ಹಾಗೆನ್ನುತ್ತಾರೆ, ಎದುರು ಮಾತಾಡಲು ಆಗಬಾರದೆಂದು. ಪಾದ್ರಿ ಪ್ರಾರ್ಥನೆಯ ಕೊನೆಗೆ ಅದನ್ನೇ ಮೆಲ್ಲಗೆ ಸೇರಿಸಿ ದೇವರಿಗೂ ಒಂದು ಸುಳಿವು ಕೊಡುತ್ತಾರೆ. ಸೆಪ್ಟೆಂಬರಿನಿಂದ ನವೆಂಬರಿನ ತನಕ ಶನಿವಾರ ಮದುವೆ ಇಟ್ಟುಕೊಂಡ ಹುಡುಗಿಯನ್ನು ನಮ್ಮೂರಿನಲ್ಲಿ ಅವಳ ಸ್ವಂತ ಅಜ್ಜಿಯೂ ಕ್ಷಮಿಸುವುದಿಲ್ಲ.

ಹನ್ನೊಂದು ಹುಡುಗರು ಚೆಂಡನ್ನು ಎದೆಗವಚಿಕೊಂಡು, ಎದುರಿನ ಹನ್ನೊಂದು ಹುಡುಗರನ್ನು ಕೆಡವಿ, ಗಜಗಜವಾಗಿ ಮುಂದೊತ್ತುವ ಈ ಆಟವನ್ನು ನಾವು ಫುಟ್‌ಬಾಲ್ ಎನ್ನುತ್ತೇವೆ. ಅದಕ್ಕಾಗಿ ವರ್ಷದಲ್ಲಿ ಒಂಬತ್ತು ತಿಂಗಳು ಕಾಯುತ್ತೇವೆ. ಕಾಯುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಯಾವ ಹುಡುಗನ ಮಂಡಿ ವಾಸಿಯಾಯಿತು, ಯಾವ ಹುಡುಗ ಬೇಸಿಗೆಯಲ್ಲಿ ಎಷ್ಟು ತೂಕ ಏರಿಸಿದ, ಹೊಸ ಕೋಚ್ ಎಡಗೈಯವನೋ ಬಲಗೈಯವನೋ ಎಲ್ಲವೂ ನಮಗೆ ಗೊತ್ತು. ಆ ಹುಡುಗರು ಬೀಳುವ ನೆಲವನ್ನು ಮೆತ್ತಗಿಟ್ಟವರು ಯಾರೆಂದು ಮಾತ್ರ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಈ ಬರಹದಲ್ಲಿ ಯಾರನ್ನಾದರೂ ಬಯ್ದರೆ ಆ ಸಾಲಿನಲ್ಲಿ ನಾನೂ ನಿಂತಿದ್ದೇನೆ ಎಂದು ತಿಳಿದುಕೊಂಡು ಓದಿ.

ಈ ಊರಿನಲ್ಲಿ ಆಗಸ್ಟ್ ಬಂದರೂ ಭವಿಷ್ಯ ಹೇಳದ ಮನುಷ್ಯ ಒಬ್ಬರೇ ಇದ್ದರು: ಓಜೆಲ್ ರಡ್. ವಯಸ್ಸು ಎಪ್ಪತ್ತೊಂದು. ನಲವತ್ಮೂರು ವರ್ಷ ಅಂಬಿಗರ ಮೈದಾನ ನೋಡಿಕೊಂಡವರು. ತಂಡ ಬಾಗಿಲು ಹಾಕಿಕೊಂಡು ನಡೆಸುವ ಅಭ್ಯಾಸವನ್ನು ನೋಡುವ ಭಾಗ್ಯ ಇಡೀ ಊರಿನಲ್ಲಿ ಅವರೊಬ್ಬರಿಗೇ ಇತ್ತು. ಆದ್ದರಿಂದ ಅವರು ಬ್ರೆಡ್ಡು ಕೊಳ್ಳಲು ಹೋದರೂ ನಾಲ್ಕು ಜನ ಸುತ್ತುವರಿಯುತ್ತಿದ್ದರು. ಈ ಸಲ ಹೇಗೆ, ಮಿಸ್ಟರ್ ಓಜೆಲ್? ಹುಡುಗರು ಹೇಗಿದ್ದಾರೆ? ಎಷ್ಟು ಗೆಲ್ತೀವಿ? ಅವರು ಟೋಪಿಯನ್ನು ಒಂದಿಷ್ಟು ಮೇಲೆತ್ತಿ, ಪ್ರತಿವರ್ಷ ಒಂದೇ ಮಾತು ಹೇಳುತ್ತಿದ್ದರು.

“ಹುಲ್ಲು ಚೆನ್ನಾಗಿದೆ.”

ಅಷ್ಟೇ. ಗುಟ್ಟು ಬಿಡುವುದಿಲ್ಲ ಮುದುಕ ಎಂದು ಜನ ನಕ್ಕು ಹೋಗುತ್ತಿದ್ದರು.

ಹುಲ್ಲು ಎಂದರೆ ಗರಿಕೆ. ಅಲಬಾಮದ ಬಿಸಿಲಿಗೆ ಬೇರೆ ಯಾವುದೂ ನಿಲ್ಲುವುದಿಲ್ಲ. ಓಜೆಲ್ ದಿನಾ ಬೆಳಿಗ್ಗೆ ಬೂಟು ಕಳಚಿ, ಬರಿಗಾಲಲ್ಲಿ ಮೈದಾನದ ಉದ್ದಗಲ ನಡೆಯುತ್ತಿದ್ದರು. ನೀರು ಎಲ್ಲಿ ಕಡಿಮೆ, ಮಣ್ಣು ಎಲ್ಲಿ ಬಿಗಿದಿದೆ, ಬೇರು ಎಲ್ಲಿ ಸಡಿಲವಾಗಿದೆ ಎಂಬುದು ಅವರ ಅಂಗಾಲಿಗೆ ತಿಳಿಯುತ್ತಿತ್ತು. ಗುರುವಾರ ಕತ್ತರಿಸುವುದು, ಶುಕ್ರವಾರ ದಾರ ಹಿಡಿದು ಬಿಳಿ ಗೆರೆ ಹಾಕುವುದು. ಗೆರೆ ಹಾಕುವಾಗ ಮೇಯರ್ ಬಂದು ಮಾತಾಡಿಸಿದರೂ ಅವರು ತಲೆ ಎತ್ತುತ್ತಿರಲಿಲ್ಲ.

ಈ ಕೆಲಸ ಅವರಿಗೆ ಅಪ್ಪನಿಂದ ಬಂತು. ಅಪ್ಪ ಬೂಕರ್ ರಡ್ ಮೂವತ್ತು ವರ್ಷ ಅದೇ ಮೈದಾನದ ಹುಲ್ಲು ಕತ್ತರಿಸಿದರು. ಅರವತ್ತು ದಾಟಿದ ಆ ಮನುಷ್ಯನನ್ನು ಏಳು ವರ್ಷದ ಬಿಳಿ ಮಕ್ಕಳೂ ‘ಏ ಬೂಕರ್’ ಎಂದು ಕೂಗುತ್ತಿದ್ದ ಊರು ಇದು. ಶುಕ್ರವಾರ ಸಂಜೆಯ ತನಕ ಮೈದಾನ ಅವರ ಕೈಯಲ್ಲಿ. ಶನಿವಾರ ಅವರಿಗೆ ಒಳಗೆ ಕೂರುವ ಹಕ್ಕಿಲ್ಲ. ದಕ್ಷಿಣದ ತುದಿಯಲ್ಲಿ, ಬೇಲಿಯಾಚೆ, ಮೌಂಟ್ ನೀಬೊ ಚರ್ಚಿಗೆ ಸೇರಿದ ಒಂದು ದಿಬ್ಬ ಇದೆ. ಕರಿಯರು ಅಲ್ಲಿಂದ ನೋಡಬಹುದಿತ್ತು. ಅಲ್ಲೂ ಬೇಲಿಯ ಹತ್ತಿರ ಬರಬಾರದೆಂದು ಹತ್ತು ಹೆಜ್ಜೆ ಹಿಂದಕ್ಕೆ ಒಂದು ಹಗ್ಗ ಕಟ್ಟಿಸಿದ್ದರು. ಜಾಗ ಚರ್ಚಿನದು, ಹಗ್ಗ ನಮ್ಮದು. ಹಗ್ಗ ಹೋಗಿ ಐವತ್ತು ವರ್ಷ ದಾಟಿತು, ಹೆಸರು ಹೋಗಲಿಲ್ಲ. ಇವತ್ತಿಗೂ ಅದು ಹಗ್ಗದ ದಿಬ್ಬ. ಟಿಕೆಟ್ ಸಿಗದವರು ಈಗ ಅಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು, ಬೇಯಿಸಿದ ಕಡಲೆಕಾಯಿ ತಿನ್ನುತ್ತಾ ಆಟ ನೋಡುತ್ತಾರೆ.

ಇದಿಷ್ಟು ಊರಿಗೆಲ್ಲ ಗೊತ್ತಿದ್ದ ಸಂಗತಿ. ಗೊತ್ತಿಲ್ಲದ್ದು ಜೂನ್ ಕೊನೆಯ ವಾರದಲ್ಲಿ ನನ್ನ ಮೇಜಿನ ಎದುರು ಬಂದು ಕುಳಿತುಕೊಂಡಿತು.

ಓಜೆಲ್ ನಮ್ಮ ವಾರಪತ್ರಿಕೆಯ ಕಚೇರಿಗೆ ಅದಕ್ಕೆ ಮೊದಲು ಕಾಲಿಟ್ಟವರಲ್ಲ. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು.

“ಒಂದು ವಿಷಯ ಹೇಳ್ಬೇಕು. ಬರೆಯೋಕಲ್ಲ,” ಎಂದರು.

“ಬರೆಯೋಕಲ್ಲ ಅಂದ್ರೆ ಪತ್ರಿಕೆಯವನ ಹತ್ರ ಯಾಕೆ ಬಂದ್ರಿ?”

“ಊರಲ್ಲಿ ಸರಿಯಾಗಿ ಕೋಪ ಮಾಡ್ಕೊಳ್ಳೋಕೆ ಬರೋದು ನಿಮಗೊಬ್ಬರಿಗೆ. ನಂಗೆ ಅಭ್ಯಾಸ ಇಲ್ಲ. ಸ್ವಲ್ಪ ಕಡ ಕೊಡ್ತೀರೇನೋ ಅಂತ ಬಂದೆ.”

ಆಮೇಲೆ ಅವರು ಹೇಳಿದ್ದು ಇದು. ಪ್ರತಿವರ್ಷ ಏಪ್ರಿಲಿನಲ್ಲಿ ಒಂದು ದಿನ ಮೈದಾನದ ಬಾಗಿಲನ್ನು ಊರಿಗೆ ತೆರೆಯುತ್ತಾರೆ. ಮಕ್ಕಳು ಆಟಗಾರರ ಸಹಿ ಹಾಕಿಸಿಕೊಳ್ಳುತ್ತವೆ, ದೊಡ್ಡವರು ಗರಿಕೆಯ ಮೇಲೆ ಅಡ್ಡಾಡುತ್ತಾರೆ. ತೊಂಬತ್ತಮೂರನೆಯ ಇಸವಿಯಲ್ಲಿ ಆ ದಿನವಾದ ಎರಡು ವಾರಕ್ಕೆ, ಉತ್ತರದ ಗೋಲು ಗೆರೆಯ ಹತ್ತಿರ ಮೊರದಗಲ ಹುಲ್ಲು ಹಳದಿಯಾಯಿತು. ಓಜೆಲ್ ಮಂಡಿಯೂರಿ ಮುಟ್ಟಿ ನೋಡಿದರು. ಬೂದು ಬಣ್ಣದ ಪುಡಿ, ರವೆಯಂತೆ ತರಿತರಿ. ಒಲೆಯ ಬೂದಿ ಹಾಗಿರುವುದಿಲ್ಲ. ಆಗ ನೆನಪಾಯಿತು: ಏಪ್ರಿಲಿನ ಆ ದಿನ ಊರಿನ ಅಂಚೆಯಣ್ಣನ ಹೆಂಡತಿ, ಬಿಸಿಲಿಗೆ ಉದ್ದನೆಯ ಕೋಟು ಹಾಕಿಕೊಂಡು, ಎರಡು ಕೈಯನ್ನೂ ಜೇಬಿನಲ್ಲಿಟ್ಟುಕೊಂಡು ಆ ಗೆರೆಯ ಮೇಲೆ ಮೆಲ್ಲಗೆ ನಡೆದಿದ್ದಳು. ಅಂಚೆಯಣ್ಣ ತೀರಿಕೊಂಡು ಆಗ ಆರು ವಾರ. ಬದುಕಿದ್ದಾಗ ಒಂದು ಆಟವನ್ನೂ ತಪ್ಪಿಸಿದವನಲ್ಲ. ಜೇಬಿನ ತಳಕ್ಕೆ ಅವಳು ತೂತು ಮಾಡಿಕೊಂಡು ಬಂದಿದ್ದಳು.

ಮೈದಾನದಲ್ಲಿ ಸತ್ತವರ ಬೂದಿ ಹಾಕುವುದು ನಿಷಿದ್ಧ. ಹುಲ್ಲು ಎಲ್ಲಿ ಕೆಟ್ಟರೂ ಕಾರಣ ಬರೆದು ಕೊಡಬೇಕೆಂಬ ನಿಯಮವೂ ಇತ್ತು. ಓಜೆಲ್ ಕಾರಣದ ಜಾಗದಲ್ಲಿ ‘ಬೂಷ್ಟು’ ಎಂದು ಬರೆದರು. ಮೂರು ದಿನ ಬಿಡದೆ ನೀರು ಹಾಯಿಸಿ, ಬೂದಿಯ ಖಾರವನ್ನು ಕೆಳಗಿಳಿಸಿ, ಹುಲ್ಲನ್ನು ಮತ್ತೆ ಹಸಿರು ಮಾಡಿದರು. ಆ ಹೆಂಗಸಿಗೆ ಒಂದು ಮಾತೂ ಹೇಳಲಿಲ್ಲ.

ಮುಂದಿನ ವರ್ಷ ಇನ್ನೊಬ್ಬರು. ಅದರ ಮುಂದಿನ ವರ್ಷ ಇಬ್ಬರು. ಜೇಬಿನಲ್ಲಿ ಕೈಯಿಟ್ಟು, ನೆಲ ನೋಡದೆ, ಮದುವೆಯ ಮೆರವಣಿಗೆಯಷ್ಟು ನಿಧಾನವಾಗಿ ನಡೆಯುವವರನ್ನು ಓಜೆಲ್ ಟ್ರ್ಯಾಕ್ಟರಿನ ಮೇಲಿಂದಲೇ ಗುರುತು ಹಿಡಿಯುತ್ತಿದ್ದರು. ಆಗ ಬೇಕೆಂದೇ ಬೇರೆ ಕಡೆ ಮುಖ ಮಾಡುತ್ತಿದ್ದರು. ಮೂವತ್ತು ವರ್ಷದಲ್ಲಿ ಮೂವತ್ತೆರಡು ಜನ, ಮೂವತ್ತೊಂದು ಜಾಗ. ಎಲ್ಲೂ ಬರೆದಿಟ್ಟವರಲ್ಲ. ತಲೆಯಲ್ಲಿ ಗಜದ ಲೆಕ್ಕದಲ್ಲಿ ಇಟ್ಟುಕೊಂಡವರು. ಹದಿನೇಳನೆಯ ಗಜ, ಎಡಗಡೆ, ಗಣಿತದ ಮೇಷ್ಟ್ರು. ಮೈದಾನದ ನಟ್ಟನಡುವೆ, ದೋಣಿಯ ಚಿತ್ರದ ಕೆಳಗೆ, ಬ್ಯಾಂಡಿನಲ್ಲಿ ಡೋಲು ಬಾರಿಸುತ್ತಿದ್ದ ತಾಯಿ. ಅವಳಿಗೆ ವಾರಕ್ಕೊಮ್ಮೆ ಹೊಸ ಬಣ್ಣ. ಎಲ್ಲರೂ ಬಿಳಿಯರೇ. ಒಬ್ಬರ ಮನೆಯ ಊಟದ ಮೇಜಿಗೂ ಓಜೆಲ್ ಅವರನ್ನು ಯಾರೂ ಯಾವತ್ತೂ ಕರೆದಿರಲಿಲ್ಲ.

“ನಿಮ್ಮವರು ಯಾರಾದ್ರೂ ಇದ್ದಾರಾ ಅಲ್ಲಿ?” ಎಂದು ಕೇಳಿದೆ.

“ಇಲ್ಲಪ್ಪ. ನಮ್ಮವರೆಲ್ಲ ಚರ್ಚಿನ ಮಣ್ಣಲ್ಲಿ ಇಡಿಇಡಿಯಾಗಿ ಮಲಗಿದ್ದಾರೆ. ಸುಡೋ ಮಾತೆತ್ತಿದ್ರೆ ನಮ್ಮಮ್ಮ ಎದ್ದು ಬಂದು ಬಯ್ತಾಳೆ.”

“ಮತ್ತೆ ನಿಮಗ್ಯಾಕೆ ಈ ಉಸಾಬರಿ?”

ಅವರು ಟೋಪಿಯನ್ನು ಮಂಡಿಯ ಮೇಲೆ ಒಂದು ಸುತ್ತು ತಿರುಗಿಸಿದರು. “ನನ್ನ ಕೇಳಿ ಯಾರೂ ಹಾಕ್ಲಿಲ್ಲ, ಅದು ನಿಜ. ಆದ್ರೆ ನೀರು ಹಾಕ್ದವನು ನಾನು. ನೀರು ಹಾಕಿದ್ಮೇಲೆ ನೋಡ್ಕೋಬೇಕು.”

ಉಸಾಬರಿಯ ಕಾರಣ ಇಷ್ಟು. ಮೇ ತಿಂಗಳಲ್ಲಿ ಕಾಲೇಜು ಒಂದು ಶುಭವಾರ್ತೆ ಸಾರಿತ್ತು: ಮೊದಲ ಆಟದ ಹೊತ್ತಿಗೆ ಗರಿಕೆ ಕಿತ್ತು ಪ್ಲಾಸ್ಟಿಕ್ ಹುಲ್ಲು ಹಾಸುತ್ತೇವೆ. ಒಬ್ಬ ಧಣಿ ದಾನ ಕೊಟ್ಟಿದ್ದಾರೆ. ಅವರ ಹೆಸರನ್ನು ನಾನು ಹೇಳಬೇಕಾಗಿಲ್ಲ, ಹದಿನೈದು ಗಜ ಉದ್ದದ ಅಕ್ಷರಗಳಲ್ಲಿ ಮೈದಾನದ ಮೇಲೇ ಇದೆ. ಕೆಸರಿಲ್ಲ, ನೀರಿಲ್ಲ, ಕತ್ತರಿಸುವ ಕೆಲಸವಿಲ್ಲ, ವರ್ಷವಿಡೀ ಹಸಿರು. ಊರು ಚಪ್ಪಾಳೆ ತಟ್ಟಿತು. ಈ ಅಂಕಣದಲ್ಲಿ ನಾನೂ ತಟ್ಟಿದೆ. ಹಳೆಯ ಸಂಚಿಕೆ ಮನೆಯಲ್ಲಿದ್ದರೆ ತೆಗೆದು ನೋಡಿ, ನನ್ನ ನಾಚಿಕೆ ಅಚ್ಚಿನಲ್ಲಿದೆ. ಮೇಲಿನ ಒಂದಡಿ ಮಣ್ಣನ್ನು ಅಗೆದು ಹೆದ್ದಾರಿಯ ಪಕ್ಕ ಹೊಸ ಮಳಿಗೆಯ ಕಾರು ನಿಲ್ಲಿಸುವ ಜಾಗಕ್ಕೆ ತುಂಬಿ, ಮೇಲೆ ಡಾಂಬರು ಹಾಕುತ್ತಾರೆ ಎಂಬ ಸಾಲು ಆ ಪ್ರಕಟಣೆಯ ಕೊನೆಯಲ್ಲಿತ್ತು. ಅಷ್ಟು ದೂರ ಯಾರು ಓದುತ್ತಾರೆ? ಓಜೆಲ್ ಓದಿದ್ದರು.

ಅಗೆತ ಜುಲೈ ಹದಿನೈದಕ್ಕೆ. ಅಷ್ಟರೊಳಗೆ ಆ ಮೂವತ್ತೊಂದು ಜಾಗದ ಮಣ್ಣನ್ನು ಬೇರೆ ತೆಗೆದಿಡದಿದ್ದರೆ ಅಂಚೆಯಣ್ಣ, ಮೇಷ್ಟ್ರು, ಡೋಲಿನ ತಾಯಿ ಎಲ್ಲರೂ ಕಾರುಗಳ ಕೆಳಗೆ.

ಓಜೆಲ್ ನನ್ನಿಂದ ಕೋಪ ಕಡ ತೆಗೆದುಕೊಂಡು ನೇರವಾಗಿ ಕಾಲೇಜಿನ ಕ್ರೀಡಾ ನಿರ್ದೇಶಕರ ಬಳಿ ಹೋದರು. ತಾವು ಮೂವತ್ತು ವರ್ಷ ಬೂಷ್ಟು ಎಂದು ಬರೆದದ್ದು ಸುಳ್ಳು ಎಂದು ತಾವಾಗಿಯೇ ಒಪ್ಪಿಕೊಂಡರು. ಮೂವತ್ತೊಂದು ಬುಟ್ಟಿ ಮಣ್ಣು ಕೊಡಿ ಎಂದು ಕೇಳಿದರು. ನಿರ್ದೇಶಕರು ಎದ್ದು ಬಾಗಿಲು ಹಾಕಿಕೊಂಡರಂತೆ. ಮಣ್ಣು ಈಗ ಗುತ್ತಿಗೆದಾರನದು, ಕಾಗದವಾಗಿದೆ ಎಂದರು. ಇದು ಹೊರಗೆ ಬಿದ್ದರೆ ಧಣಿ ಏನಂದುಕೊಳ್ಳುತ್ತಾರೆ, ವಕೀಲರು ಏನೆನ್ನುತ್ತಾರೆ, ಹೆಣದ ಮೇಲೆ ಆಡಿಸಿದಿರೆಂದು ಹುಡುಗರ ತಾಯಂದಿರು ಏನೆನ್ನುತ್ತಾರೆ ಎಂದು ಲೆಕ್ಕ ಹಾಕಿದರು. ಕೊನೆಗೆ ದನಿ ತಗ್ಗಿಸಿ, ಪ್ರೀತಿಯಿಂದಲೇ ಹೇಳಿದರಂತೆ:

“ನೋಡಿ ಓಜೆಲ್, ನಿಮ್ಮ ನಿವೃತ್ತಿಗೆ ಅಂತ ಮೊದಲ ಆಟದ ದಿನ ನಿಮ್ಮನ್ನ ನಡು ಮೈದಾನಕ್ಕೆ ಕರೆದು ಫಲಕ ಕೊಡೋದು ಅಂತ ಆಗಿದೆ. ಹದಿನೆಂಟು ಸಾವಿರ ಜನ ಎದ್ದು ನಿಲ್ತಾರೆ. ಈ ಬೂಷ್ಟು ಬೂಷ್ಟಾಗೇ ಇರ್ಲಿ. ನೀವು ಏನೂ ಹೇಳಿಲ್ಲ, ನಾನು ಏನೂ ಕೇಳಿಲ್ಲ.”

ಆಟದ ದಿನ ಅಪ್ಪ ಕಾಲಿಡಲಾಗದ ಮೈದಾನದ ನಟ್ಟನಡುವೆ ಮಗ, ಊರೆಲ್ಲ ಎದ್ದು ನಿಂತ ಹೊತ್ತು. ಆ ಫಲಕ ಬೇಡ ಎನ್ನುವುದು ಸುಲಭ ಎಂದು ಯಾರೂ ನನಗೆ ಹೇಳಬೇಡಿ. ಓಜೆಲ್ ಎರಡು ದಿನ ಮನೆಯ ಹಿತ್ತಿಲಿನ ಹುಲ್ಲನ್ನೇ ಮತ್ತೆ ಮತ್ತೆ ಕತ್ತರಿಸಿದರೆಂದು ಅವರ ಮಗಳು ಹೇಳಿದಳು. ಮೂರನೆಯ ದಿನ ಚರ್ಚಿಗೆ ಹೋಗುವ ಒಳ್ಳೆಯ ಅಂಗಿ ಹಾಕಿಕೊಂಡು ಹೊರಟರು.

ಮಣ್ಣು ತೆಗೆದರೆ ಇಡಲು ಜಾಗ ಬೇಕು. ಅವರ ಮನಸ್ಸಿನಲ್ಲಿದ್ದದ್ದು ಹಗ್ಗದ ದಿಬ್ಬ, ಅಲ್ಲಿಂದ ಮೈದಾನ ಕಾಣುತ್ತದೆ. ಅದಕ್ಕೆ ಮೌಂಟ್ ನೀಬೊ ಚರ್ಚಿನ ಹಿರಿಯರು ಒಪ್ಪಬೇಕು. ಹಿರಿಯರು ಎಂದರೆ ಕೊನೆಗೆ ಒಬ್ಬರೇ: ಕ್ವೀನ್ ಎಸ್ತರ್ ಮೇಬ್ರಿ, ಎಂಬತ್ತೆಂಟು ವರ್ಷ. ಆ ಅಜ್ಜಿ ಹೂಂ ಎನ್ನದೆ ಆ ಚರ್ಚಿನಲ್ಲಿ ಗಂಟೆಯೂ ಬಾರಿಸುವುದಿಲ್ಲ. ಅವರು ಚರ್ಚಿನ ಜಗಲಿಯಲ್ಲಿ ಕುಳಿತು ಅಲಸಂದೆ ಸುಲಿಯುತ್ತಿದ್ದರು. ಓಜೆಲ್ ಜೊತೆ ನಾನೂ ಹೋಗಿದ್ದೆ. ಓಜೆಲ್ ಹೇಳಿದ್ದನ್ನೆಲ್ಲ ತಲೆ ಎತ್ತದೆ ಕೇಳಿಸಿಕೊಂಡರು.

“ನಮ್ಮಣ್ಣ ಆ ಹಗ್ಗ ದಾಟಿ ಚೆಂಡು ಎತ್ತಿಕೊಟ್ಟಿದ್ದಕ್ಕೆ ಹಲ್ಲು ಮುರಿಸ್ಕೊಂಡ,” ಎಂದರು. “ಗೊತ್ತಲ್ಲ ನಿಂಗೆ?”

“ಗೊತ್ತು, ತಾಯಿ.”

“ಅವರನ್ನ ಇಲ್ಲಿಗೆ ತರ್ತೀನಿ ಅಂತೀಯ.”

“ಹೌದು, ತಾಯಿ.”

ಅಜ್ಜಿ ಇನ್ನೂ ಒಂದು ಬೊಗಸೆ ಅಲಸಂದೆ ಸುಲಿದರು. ನನ್ನ ಕಡೆ ಒಮ್ಮೆ ನೋಡಿದರು. ನನ್ನಪ್ಪ ಹಗ್ಗದ ಯಾವ ಕಡೆ ಕುಳಿತವನು ಎಂಬುದು ಅವರಿಗೆ ಗೊತ್ತಿತ್ತು. ಆಮೇಲೆ ಸಿಪ್ಪೆಯನ್ನು ಸೆರಗಿನಂತೆ ಹರಡಿದ ಏಪ್ರನ್ನಿನಿಂದ ಕೊಡವಿದರು.

“ಬರ್ಲಿ. ಸತ್ತವರನ್ನ ಕಾರಿನ ಕೆಳಗೆ ಹಾಕೋಷ್ಟು ಕೆಟ್ಟವರಲ್ಲ ನಾವು. ಆದ್ರೆ ಈ ಸಲ ಅವ್ರು ಹಿಂದ್ಗಡೆ ಕೂತ್ಕೊಳ್ಲಿ. ಮುಂದಿನ ಸಾಲು ನಮ್ದು.”

ಇನ್ನು ಉಳಿದದ್ದು ಮನೆಮನೆಗೆ ಹೋಗುವುದು. ನೀವು ಮಾಡಿದ ಕಳ್ಳಕೆಲಸ ನನಗೆ ಗೊತ್ತು ಎಂದು ಹೇಳಲು ಎಪ್ಪತ್ತೊಂದು ವರ್ಷದ ಒಬ್ಬ ಕರಿಯ ಮನುಷ್ಯ ಬಿಳಿಯರ ಬಾಗಿಲು ತಟ್ಟುವುದು. ನಾನೂ ಬರಲೇ ಎಂದರೆ ಬೇಡವೆಂದರು. ಪತ್ರಿಕೆಯವನು ಜೊತೆಗಿದ್ದರೆ ಬೆದರಿಸಲು ಬಂದ ಹಾಗೆ ಆಗುತ್ತದೆ ಎಂಬುದು ಅವರ ನ್ಯಾಯ. ಒಂದು ಮನೆಯಲ್ಲಿ ಬಾಗಿಲು ಮುಖಕ್ಕೇ ಮುಚ್ಚಿಕೊಂಡಿತು. ಒಂದು ಮನೆಯಲ್ಲಿ ಗಂಡಸು ಪೊಲೀಸರಿಗೆ ಫೋನ್ ಮಾಡುತ್ತೇನೆಂದ. ಓಜೆಲ್ ‘ಮೂವತ್ತನೆಯ ಗಜ, ಬಲಗಡೆ, ಎರಡು ಸಾವಿರದ ಎಂಟು’ ಎಂದಷ್ಟೇ ಹೇಳಿದಾಗ ಅವನು ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟನಂತೆ. ತಂದೆಯ ವಿಷಯ ಹೆಂಡತಿಗೂ ಹೇಳಿರಲಿಲ್ಲ ಆ ಪುಣ್ಯಾತ್ಮ.

ಪ್ರತಿಯೊಂದು ಮನೆಯೂ ಇಂಥ ಕೆಲಸ ಮಾಡಿದ್ದು ತಾನೊಂದೇ ಎಂದುಕೊಂಡಿತ್ತು. ಒಂದೇ ಸಾಲಿನ ಬೆಂಚಿನಲ್ಲಿ ಇಪ್ಪತ್ತು ವರ್ಷ ಭುಜಕ್ಕೆ ಭುಜ ತಾಗಿಸಿ ಕುಳಿತು, ಒಂದೇ ತಟ್ಟೆಯಿಂದ ಹಂದಿಮಾಂಸ ತಿಂದವರು ಪರಸ್ಪರ ಮುಚ್ಚಿಟ್ಟಿದ್ದರು. ಪಕ್ಕದವನಿಗೆ ತಿಳಿದರೆ ತನ್ನವರ ಜಾಗ ಹೋದೀತೆಂಬ ಭಯ. ಇಂಥ ದಡ್ಡತನ ನಮ್ಮೂರಿಗೇ ಮೀಸಲು.

ಈ ಹೆಸರುಗಳನ್ನೆಲ್ಲ ನಾನು ಬಿಟ್ಟಿದ್ದೇನೆ, ಕೊನೆಗೆ ಬರೆಯಲು ಒಪ್ಪಿದಾಗ ಓಜೆಲ್ ಹಾಕಿದ ಷರತ್ತು ಅದು. ನೋವಲೀನ್ ಟೀಗ್ ಒಬ್ಬಳದು ಬಿಡುವ ಹಾಗಿಲ್ಲ. ಬಿಟ್ಟರೆ ಪತ್ರಿಕೆ ನಿಲ್ಲಿಸುತ್ತೇನೆ ಎಂದಿದ್ದಾಳೆ. ಎಪ್ಪತ್ತೊಂಬತ್ತು ವರ್ಷದ ಈ ನೋವಲೀನ್ ಹುಟ್ಟಾ ಅಂಬಿಗರವಳು. ಅವಳ ಗಂಡ ರಾಯ್ಸ್ ನದಿಯಾಚೆಯ ಕಾಲೇಜಿನವನು, ಕಚ್ಚುವ ಹಳದಿ ಹುಳುವಿನ ಹೆಸರಿಟ್ಟುಕೊಂಡ ತಂಡದವನು, ಅಂದರೆ ಕಣಜ. ಕಣಜಗಳೆಂದರೆ ನಮಗೆ ಏನೆಂದು ಹೇಳಲು ಇಲ್ಲಿ ಜಾಗ ಸಾಲದು. ನಲವತ್ತು ವರ್ಷ ಆ ಮನೆಯಲ್ಲಿ ನವೆಂಬರಿನ ಒಂದು ಶನಿವಾರ ಅಡುಗೆ ಬೇರೆ ಬೇರೆಯಾಗುತ್ತಿತ್ತು. ರಾಯ್ಸ್ ಸಾಯುವ ಮೊದಲು ಕಣಜಗಳ ಮೈದಾನದಲ್ಲಿ ನನ್ನ ಬೂದಿ ಹಾಕು ಎಂದು ಕೇಳಿಕೊಂಡಿದ್ದ. ನೋವಲೀನ್ ಅದನ್ನು ತಂದು ಅಂಬಿಗರ ಗೋಲಿನ ಅಂಗಳದಲ್ಲಿ ಹಾಕಿದಳು.

ಓಜೆಲ್ ಬಾಗಿಲಲ್ಲಿ ನಿಂತು ವಿಷಯ ಹೇಳಿದಾಗ ಅವಳು ಬಾಯಿಗೆ ಕೈಯಿಟ್ಟುಕೊಂಡಳಂತೆ.

“ಇಷ್ಟು ವರ್ಷ ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು, ಮಿಸ್ ನೋವಲೀನ್.”

“ಅವನು ಕಣಜ ಅನ್ನೋದೂ?”

“ಹಳದಿ ಸ್ವಲ್ಪ ಜಾಸ್ತಿನೇ ಇತ್ತು.”

ಅವಳು ನಕ್ಕಳು. ನಕ್ಕು ಮುಗಿದ ಮೇಲೆ ಅವರನ್ನು ಒಳಗೆ ಕರೆದು ತಿಂಡಿಯ ಮೇಜಿಗೆ ಕೂರಿಸಿದಳು. ಪ್ರತಿ ಸಲ ನಮ್ಮ ಹುಡುಗ ಅವನ ಮೇಲೆ ಬಿದ್ದು ಅಂಕ ಗಳಿಸಿದಾಗ ತಾನು ಬೆಂಚಿನಿಂದ ಎದ್ದು ‘ಸಿಕ್ತಾ ರಾಯ್ಸ್’ ಎಂದು ಕೂಗುತ್ತಿದ್ದುದನ್ನು ಹೇಳಿದಳು. ಆಮೇಲೆ, ಅವನಿಗೆ ತಾನು ಮಾಡಿದ್ದು ತಪ್ಪೇ ಎಂದು ಕೇಳಿದಳು. ಓಜೆಲ್ ಬಾಳೆಹಣ್ಣಿನ ಪುಡಿಂಗ್ ಇನ್ನೊಂದು ಸೌಟು ಹಾಕಿಸಿಕೊಂಡರಂತೆ.

ಜುಲೈ ಹದಿನೈದು, ಬೆಳಿಗ್ಗೆ ಏಳು ಗಂಟೆ. ಅಗೆಯುವ ಯಂತ್ರ ಉತ್ತರದ ತುದಿಯಲ್ಲಿ ನಿಂತು ಗುರುಗುಟ್ಟುತ್ತಿತ್ತು. ಲಾರಿಗಳು ಸಾಲಾಗಿ ನಿಂತಿದ್ದವು. ದಕ್ಷಿಣದ ಗೇಟಿನಿಂದ ಓಜೆಲ್ ಒಳಗೆ ಬಂದರು, ಕೀಲಿ ಇನ್ನೂ ಅವರ ಹತ್ತಿರವೇ ಇತ್ತು. ಅವರ ಹಿಂದೆ ಊರು. ಬಾಗಿಲು ಮುಖಕ್ಕೆ ಮುಚ್ಚಿದ್ದವರೂ ಇದ್ದರು. ಕೈಯಲ್ಲಿ ಗುದ್ದಲಿ, ಹಾರೆ, ತಳ್ಳುಗಾಡಿ. ಮಣ್ಣು ತುಂಬಲು ಎಲ್ಲರೂ ತಂದದ್ದು ಮಾತ್ರ ಒಂದೇ: ಆಟದ ದಿನ ತಂಪುಪಾನೀಯ ತುಂಬಿಕೊಂಡು ಬರುವ ಐಸ್ ಪೆಟ್ಟಿಗೆ, ಮುಚ್ಚಳದ ಮೇಲೆ ಅಂಬಿಗರ ದೋಣಿ. ಅದಕ್ಕಿಂತ ಗೌರವದ ವಸ್ತು ನಮ್ಮ ಮನೆಗಳಲ್ಲಿಲ್ಲ.

ಕೆಲಸದ ಮೇಸ್ತ್ರಿ ಯಂತ್ರದ ಮೇಲಿಂದ ಇಳಿದು ಬಂದ. ತಲೆಯ ಮೇಲೆ ಕಣಜಗಳ ಟೋಪಿ. ನಮ್ಮವರ ಮುಖ ಬಿಗಿಯಿತು. ಯಾರೂ ಒಳಗೆ ಬರುವ ಹಾಗಿಲ್ಲ, ಮಣ್ಣು ಒಂದು ಹಿಡಿಯೂ ಹೊರಗೆ ಹೋಗುವ ಹಾಗಿಲ್ಲ, ತನಗೆ ಬರಹದಲ್ಲಿ ಅಪ್ಪಣೆ ಇದೆ ಎಂದ. ಓಜೆಲ್ ವಿಷಯವನ್ನು ಒಂದೂ ಬಿಡದೆ ಹೇಳಿದರು. ಮೇಸ್ತ್ರಿ ತಲೆಯಾಡಿಸಿದ. ಕಷ್ಟ, ನನ್ನ ಕೈಯಲ್ಲಿಲ್ಲ ಎಂದ. ಆಗ ನೋವಲೀನ್ ತನ್ನ ಊರುಗೋಲು ಊರಿಕೊಂಡು ಮುಂದೆ ಬಂದಳು.

“ಮಗಾ, ನೀನು ಕಣಜಾನಾ?”

“ಹೌದು ಮೇಡಂ. ಮೂರು ತಲೆಮಾರು.”

“ಅಲ್ಲಿ ಗೋಲಿನ ಅಂಗಳದಲ್ಲಿ ನಿಮ್ಮವನೊಬ್ಬ ಇದ್ದಾನೆ. ನನ್ನ ಗಂಡ. ಹತ್ತೊಂಬತ್ತು ವರ್ಷದಿಂದ ಶತ್ರುಗಳ ನೆಲದಲ್ಲಿ ಮಲಗಿಸಿದೀನಿ, ನಾನೇ. ಇವತ್ತು ಬಿಡಿಸ್ಕೊಂಡು ಹೋಗೋಣ ಅಂತ ಬಂದೆ.”

ಮೇಸ್ತ್ರಿ ಅವಳನ್ನು ನೋಡಿದ. ಗೋಲಿನ ಅಂಗಳವನ್ನು ನೋಡಿದ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಹಿಂದಿರುಗಿ ಹೋಗಿ ಯಂತ್ರದ ಕೀಲಿ ತಿರುಗಿಸಿದ, ಸದ್ದು ನಿಂತಿತು.

“ಇಂಜಿನ್ ಬಿಸಿಯಾಗಿದೆ,” ಎಂದು ತನ್ನ ಹುಡುಗರಿಗೆ ಕೂಗಿ ಹೇಳಿದ. “ಆರೋಷ್ಟರಲ್ಲಿ ಒಂಬತ್ತಾಗತ್ತೆ. ಹೋಗಿ ಕಾಫಿ ಕುಡೀರಿ. ಆ ಕಡೆ ಯಾರೂ ನೋಡ್ಬೇಡಿ.”

ಮುಂದಿನ ಎರಡು ಗಂಟೆಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಓಜೆಲ್ ಬೂಟು ಕಳಚಿದರು. ಅಳತೆಯ ದಾರವಿಲ್ಲ, ಗೆರೆಗಳೂ ಅಳಿಸಿಹೋಗಿದ್ದವು. ಬರಿಗಾಲಲ್ಲಿ ನಡೆದರು, ನಿಂತರು, ಹಿಮ್ಮಡಿಯಿಂದ ಗುರುತು ಮಾಡಿದರು. ಮೇಷ್ಟ್ರು. ಡೋಲಿನ ತಾಯಿ. ಅಂಚೆಯಣ್ಣ. ಗುರುತಿನ ಸುತ್ತ ಚಚ್ಚೌಕವಾಗಿ, ಹುಲ್ಲು ಬೇರಿನ ಸಮೇತ, ಒಂದಡಿ ಆಳಕ್ಕೆ ಕತ್ತರಿಸಿ ಎತ್ತಲು ತೋರಿಸಿಕೊಟ್ಟರು. ಒಂದು ಕಡೆ ಎರಡು ಮನೆಯವರು ಇದು ನಮ್ಮ ಜಾಗ, ನಮ್ಮ ಜಾಗ ಎಂದು ದನಿ ಏರಿಸಿದರು. ಇಬ್ಬರೂ ಇದ್ದಾರೆ ಇಲ್ಲಿ, ತೊಂಬತ್ತೊಂಬತ್ತರಿಂದ ಒಟ್ಟಿಗೇ ಇದ್ದಾರೆ, ಅವರು ಒಂದು ದಿನವೂ ಜಗಳವಾಡಿಲ್ಲ ಎಂದು ಓಜೆಲ್ ಹೇಳಿದ ಮೇಲೆ ಎರಡು ಮನೆಯವರೂ ಒಂದೇ ಪೆಟ್ಟಿಗೆಯ ಎರಡು ಹಿಡಿ ಹಿಡಿದುಕೊಂಡರು.

ಹೀಗೆ ಮೂವತ್ತು ತುಂಡು ಗರಿಕೆ ಗೇಟು ದಾಟಿ, ಬೇಲಿ ಬಳಸಿ, ಹಗ್ಗದ ದಿಬ್ಬ ಏರಿತು. ಅಲ್ಲಿ ಕ್ವೀನ್ ಎಸ್ತರ್ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು, ಊರುಗೋಲಿನಿಂದ ಜಾಗ ತೋರಿಸುತ್ತಾ. ಹಿಂದೆ, ಇನ್ನೂ ಹಿಂದೆ. ಹಗ್ಗ ಕಟ್ಟಿದವರ ಮಕ್ಕಳು, ಮೊಮ್ಮಕ್ಕಳು, ಪೆಟ್ಟಿಗೆ ಹೊತ್ತು ಬೆವರುತ್ತಾ ಹೌದು ತಾಯಿ, ಆಯಿತು ತಾಯಿ ಎನ್ನುತ್ತಿದ್ದರು. ರಾಯ್ಸ್‌ನದು ಮಾತ್ರ ಅಲ್ಲಿಗೆ ಬರಲಿಲ್ಲ. ನೋವಲೀನ್ ಪೆಟ್ಟಿಗೆಯನ್ನು ಮೇಸ್ತ್ರಿಯ ಕೈಗೆ ಕೊಟ್ಟಳು. ಕಣಜಗಳ ಮೈದಾನ ಇನ್ನೂ ಮಣ್ಣಿನದೇ. ಯಾವ ಗಜದಲ್ಲಿ ಹಾಕಿದೆ ಎಂದು ನನಗೊಂದು ಕಾಗದ ಬರೆ ಎಂದಳು.

ನಿರ್ದೇಶಕರಿಗೆ ಸುದ್ದಿ ತಲುಪುವಾಗ ಹತ್ತು ಗಂಟೆ. ವಾರದೊಳಗೆ ಓಜೆಲ್‌ಗೆ ಕಾಲೇಜಿನಿಂದ ಪತ್ರ ಬಂತು. ಸುಳ್ಳು ವರದಿ, ಅಪ್ಪಣೆಯಿಲ್ಲದ ಪ್ರವೇಶ, ಫಲಕ ರದ್ದು. ಮೊದಲ ಆಟದ ಕಾರ್ಯಕ್ರಮ ಪಟ್ಟಿಯಲ್ಲಿ ಆ ಐದು ನಿಮಿಷವನ್ನು ಧಣಿಗೆ ಕೊಟ್ಟರು. ನಲವತ್ಮೂರು ವರ್ಷಕ್ಕೆ ಒಂದು ಪುಟ, ಕೆಳಗೆ ಸಹಿಯೂ ಇಲ್ಲ, ಸಹಿಯ ಮೊಹರು. ಈ ಕಾಲೇಜಿನ ಗೋಡೆಯ ಮೇಲೆ ‘ನಾವು ಒಂದು ಕುಟುಂಬ’ ಎಂದು ಬರೆದಿದೆ. ಅದನ್ನು ಬರೆಸಿದವರು ಆ ಪತ್ರವನ್ನೂ ಪಕ್ಕದಲ್ಲಿ ಅಂಟಿಸಲಿ.

ಓಜೆಲ್ ಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡು, ದಿಬ್ಬಕ್ಕೆ ನೀರು ಹಾಕಲು ಹೋದರು. ಜುಲೈ ಕೊನೆಯ ಬಿಸಿಲು. ಕಿತ್ತು ತಂದ ಗರಿಕೆ ಬೇರು ಹಿಡಿಯುವ ತನಕ ದಿನಕ್ಕೆ ಎರಡು ಸಲ ನೀರು ಬೇಕು. ಕೊಳವೆ ಹಿಡಿಯಲು ಸರದಿಯ ಮೇಲೆ ಜನ ಬಂದರು. ಕಾಯುವ ಊರು ಈ ವರ್ಷ ನೀರು ಹಾಕುತ್ತಾ ಕಾಯಿತು. ಯಾರ ಮಂಡಿ ವಾಸಿಯಾಯಿತು, ಯಾರು ಎಷ್ಟು ತೂಕ ಏರಿಸಿದರು ಎಂಬ ಮಾತೆಲ್ಲ ಈ ಸಲ ನಡೆದದ್ದು ಆ ದಿಬ್ಬದ ಮೇಲೆ.

ಸೆಪ್ಟೆಂಬರ್ ಏಳು, ಶನಿವಾರ, ಮೊದಲ ಆಟ. ಒಳಗೆ ಪ್ಲಾಸ್ಟಿಕ್ಕು ಕಣ್ಣು ಕುಕ್ಕುವಷ್ಟು ಹಸಿರಾಗಿತ್ತು. ಧಣಿ ನಡು ಮೈದಾನದಲ್ಲಿ ಕೈ ಬೀಸಿದಾಗ ಹದಿನೆಂಟು ಸಾವಿರ ಜನ ಎದ್ದು ನಿಂತರು ಎಂದು ಕೇಳಿದೆ. ನಾನು ಅಲ್ಲಿರಲಿಲ್ಲ. ಬೆಂಚಿನ ಟಿಕೆಟ್ಟಿದ್ದ ಎಷ್ಟೋ ಜನ ಅಲ್ಲಿರಲಿಲ್ಲ, ದಿಬ್ಬದ ಮೇಲಿದ್ದರು. ಮುಂದಿನ ಸಾಲಿನಲ್ಲಿ ಮೌಂಟ್ ನೀಬೊ ಚರ್ಚಿನವರು, ಅವರ ಹಿಂದೆ ಗರಿಕೆ, ಗರಿಕೆಯ ಹಿಂದೆ ನಾವು. ಅಪ್ಪ ಕೂರುತ್ತಿದ್ದ ಜಾಗದಿಂದ ಹತ್ತು ಹೆಜ್ಜೆ ಮುಂದೆ, ಬೇಲಿಗೆ ಮಂಡಿ ತಾಗುವ ಹಾಗೆ, ಓಜೆಲ್ ಕುರ್ಚಿ ಹಾಕಿಕೊಂಡಿದ್ದರು. ನಲವತ್ಮೂರು ವರ್ಷದಲ್ಲಿ ಮೊದಲ ಸಲ ಅವರು ಒಂದು ಆಟವನ್ನು ಕುಳಿತು ನೋಡುತ್ತಿದ್ದರು. ಕೈಯಲ್ಲಿ ಒಂದು ಪೊಟ್ಟಣ ಕಡಲೆಕಾಯಿ.

ಚೆಂಡು ಏಳಲು ಐದು ನಿಮಿಷವಿತ್ತು. ಟೈರ್ ಅಂಗಡಿಯವನು ಅಭ್ಯಾಸಬಲದಿಂದ ಹಿಂದಿನ ಸಾಲಿನಿಂದ ಕೇಳಿದ:

“ಈ ಸಲ ಹೇಗೆ, ಮಿಸ್ಟರ್ ಓಜೆಲ್?”

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಒಳಗೆ ಹುಲ್ಲೆಲ್ಲಿದೆ ಅವರು ಹೊಗಳಲು? ಓಜೆಲ್ ತಿರುಗಿ ದಿಬ್ಬದ ಕಡೆ, ಬೇರು ಹಿಡಿದು ಒಂದಕ್ಕೊಂದು ಕೂಡಿಕೊಳ್ಳುತ್ತಿದ್ದ ಆ ಮೂವತ್ತು ತುಂಡುಗಳ ಕಡೆ ನೋಡಿದರು. ಆಮೇಲೆ ಮೈದಾನದ ಕಡೆ ನೋಡಿದರು. ಸಂಬಳದವರಾಗಿದ್ದಾಗ ಹೇಳಬಾರದೆಂದು ಅಷ್ಟು ವರ್ಷ ಗಂಟಲಲ್ಲೇ ಇಟ್ಟುಕೊಂಡದ್ದು ಆಗ ಹೊರಗೆ ಬಂತು.

“ಹನ್ನೆರಡಕ್ಕೆ ಹನ್ನೆರಡು,” ಎಂದರು. “ಒಂದೂ ಬಿಡಲ್ಲ ನಮ್ಮ ಹುಡುಗರು.”

ಕ್ವೀನ್ ಎಸ್ತರ್ ಅಜ್ಜಿ ಅದಕ್ಕೆ ಆಮೆನ್ ಎಂದರು.

ಆ ದಿನ ನಾವು ಹದಿನೇಳು ಅಂಕಗಳಿಂದ ಸೋತೆವು. ಮುಂದಿನ ಶನಿವಾರ ಬೆಳಿಗ್ಗೆ ನಾನು ದಿಬ್ಬ ಏರುವ ಹೊತ್ತಿಗೆ ಓಜೆಲ್ ಆಗಲೇ ಬೇಲಿಯ ಪಕ್ಕ ಕುಳಿತಾಗಿತ್ತು. ಯಾರೂ ಕೇಳುವ ಮೊದಲೇ ಹೇಳಿದರು: ಹನ್ನೊಂದಕ್ಕೆ ಹನ್ನೊಂದು.